ಕೆರೆಯೋದು ಸುಲಭ, ಹಿಡಿಯೋದು ಕಷ್ಟ

ನನ್ನ ಸಾಮಾನಿನ ಡಬ್ಬ ತೆರೆದರೆ ಮೊದಲು ಕಾಣುವುದು ಸೈಕಲ್ ಸ್ಪೋಕು. ಅದರ ಕೆಳಗೆ ಬಾಗಿಸಿದ ಹಿತ್ತಾಳೆ ಕಡ್ಡಿಗಳು, ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿದ ಪಿವಿಸಿ ಪೈಪಿನ ತುಂಡು, ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರು, ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರ. ಗುಜರಿಯವನಿಗೆ ಕೊಟ್ಟರೆ ತಕ್ಕಡಿಗೆ ಹಾಕಲೂ ಯೋಚಿಸುತ್ತಾನೆ. ಇವೆಲ್ಲ ಸೇರಿ ಮಾಡುವುದು ಒಂದೇ ಕೆಲಸ. ಕಾರಿನ ಇಂಟೇಕ್ ವಾಲ್ವುಗಳ, ಅಂದರೆ ಸಿಲಿಂಡರಿಗೆ ಗಾಳಿ ಬಿಡುವ ಮುಚ್ಚಳಗಳ, ಬೆನ್ನ ಮೇಲೆ ಕೂತ ಕಾರ್ಬನ್ ತೆಗೆಯುವುದು.

ಇದಕ್ಕೆ ರೆಡಿಮೇಡ್ ಸಾಮಾನು ಸಿಗಲ್ಲ ಅಂತೇನಿಲ್ಲ. ಬಿಎಂಡಬ್ಲ್ಯು ಎಂಜಿನ್ನುಗಳಿಗೆ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಊದಿ ವಾಲ್ವ್ ಚೊಕ್ಕ ಮಾಡುವ ಕಿಟ್‌ಗಳು ಬಹಳ ವರ್ಷದಿಂದ ಇವೆ. ಆದರೆ ಆ ಕಿಟ್‌ನ ಮುಖ್ಯ ಭಾಗ ಒಂದು ಪ್ಲಾಸ್ಟಿಕ್ ಮೂತಿ. ಅದು ಆ ಎಂಜಿನ್ನಿನ ಪೋರ್ಟಿಗೆ, ಅಂದರೆ ವಾಲ್ವಿಗೆ ಗಾಳಿ ಹೋಗುವ ದಾರಿಗೆ, ಮಾತ್ರ ಸರಿಯಾಗಿ ಕೂರುತ್ತದೆ. ನನ್ನ ಹಳೆಯ ಟರ್ಬೊ ಸೆಡಾನಿಗೆ ಹೊಂದುವುದಿಲ್ಲ. ಹೊಂದುವಂಥದ್ದನ್ನು ಹೊರದೇಶದಿಂದ ತರಿಸಿದರೆ ಬೆಲೆ, ಸುಂಕ, ಸಾಗಣೆ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ನೋಡಿದಾಗ ನಗು ಬಂತು. ಮೈಸೂರಿನಲ್ಲಿ ಇದ್ದುಕೊಂಡು, ಕೂಗಳತೆಯಲ್ಲಿ ಲೇತ್ ಶಾಪ್ ಇಟ್ಟುಕೊಂಡು, ಒಂದು ಪ್ಲಾಸ್ಟಿಕ್ ಮೂತಿಗೆ ಅಷ್ಟು ದುಡ್ಡು ಕೊಡೋದಾ?

ಕಾರ್ಬನ್ ಅಲ್ಲಿ ಯಾಕೆ ಕೂರುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಯಾವ ಸಾಮಾನು ಬೇಕು, ಯಾವುದು ದಂಡ ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಾಗಲಿ, ಆಮೇಲೆ ಬಂದ ಎಂಪಿಎಫ್ಐ (ಪ್ರತಿ ಸಿಲಿಂಡರಿನ ಪೋರ್ಟಿಗೂ ಪೆಟ್ರೋಲು ಸಿಂಪಡಿಸುವ ಒಂದೊಂದು ಇಂಜೆಕ್ಟರ್) ಕಾಲದಲ್ಲಾಗಲಿ, ಪೆಟ್ರೋಲು ಗಾಳಿಯ ಜೊತೆ ಬೆರೆತು ಇಂಟೇಕ್ ವಾಲ್ವನ್ನು ದಾಟಿಯೇ ಒಳಗೆ ಹೋಗುತ್ತಿತ್ತು. ಎಂಪಿಎಫ್ಐನಲ್ಲಂತೂ ಇಂಜೆಕ್ಟರ್ ನೇರವಾಗಿ ವಾಲ್ವಿನ ಬೆನ್ನಿಗೇ ಸಿಂಪಡಿಸುತ್ತದೆ. ಪೆಟ್ರೋಲೇ ಒಂದು ದ್ರಾವಕ. ಅದರಲ್ಲಿ ಕೊಳೆ ಬಿಡಿಸುವ ಡಿಟರ್ಜೆಂಟೂ ಇದ್ದರೆ ಇನ್ನೂ ಒಳ್ಳೆಯದು. ಗಾಡಿ ಓಡುತ್ತಾ ಓಡುತ್ತಾ ವಾಲ್ವು ತಾನೇ ತೊಳೆದುಕೊಳ್ಳುತ್ತಿತ್ತು.

ನನ್ನ ಕಾರಿನದು ಡೈರೆಕ್ಟ್ ಇಂಜೆಕ್ಷನ್. ಇದರಲ್ಲಿ ಇಂಜೆಕ್ಟರಿನ ಮೂತಿ ಸಿಲಿಂಡರಿನ ಒಳಗೇ ಇರುತ್ತದೆ. ಎಂಪಿಎಫ್ಐನಲ್ಲಿ 3-4 ಬಾರ್ ಒತ್ತಡ ಸಾಕು. ಇಲ್ಲಿ 100, 150, 200 ಬಾರ್. ಹೀಗೆ ಮಾಡಿದ್ದರಿಂದ ಮೈಲೇಜು, ಪವರ್ರು ಎರಡೂ ಸುಧಾರಿಸಿದವು, ಸುಳ್ಳಲ್ಲ. ಆದರೆ ವಾಲ್ವಿನ ಬೆನ್ನಿಗೆ ಪೆಟ್ರೋಲು ಸೋಕುವುದು ನಿಂತಿತು. ಅದರ ಬದಲು ಅಲ್ಲಿ ಸೋಕುವುದು ಎಂಜಿನ್ ಆಯಿಲ್ಲಿನ ಹಬೆ. ಪಿಸ್ಟನ್ ಸಂದಿಯಿಂದ ಕೆಳಗಿಳಿದ ಹೊಗೆಯನ್ನು ಹೊರಗೆ ಬಿಡದೆ ಮತ್ತೆ ಇಂಟೇಕಿಗೇ ಕಳಿಸುವ ವ್ಯವಸ್ಥೆ ಎಲ್ಲ ಕಾರಿನಲ್ಲೂ ಇದೆ. ಪಿಸಿವಿ ಅನ್ನುತ್ತಾರೆ. ಆ ಹೊಗೆಯ ಜೊತೆ ಆಯಿಲ್ಲಿನ ಸಣ್ಣ ಹನಿಗಳೂ ಬರುತ್ತವೆ. ಇಂಟೇಕ್ ವಾಲ್ವು 200 ಡಿಗ್ರಿಗೂ ಮೇಲೆ ಕಾದಿರುತ್ತದೆ. ಹನಿ ಬಿದ್ದ ಕಡೆ ಸೀದು ಅಂಟುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ದೋಸೆ ಹುಯ್ದ ಮೇಲೆ ಒರೆಸದೇ ಬಿಟ್ಟ ಕಾವಲಿಯ ಅಂಚು ಹೇಗಾಗುತ್ತದೆ ನೋಡಿ, ಹಾಗೆ.

ಡೈರೆಕ್ಟ್ ಇಂಜೆಕ್ಷನ್ ಹೊಸ ವಿದ್ಯೆಯೇನಲ್ಲ. ಮರ್ಸಿಡಿಸ್‌ನ 300 ಎಸ್‌ಎಲ್‌ನಲ್ಲಿ 1954ರಲ್ಲೇ ಡೈರೆಕ್ಟ್ ಇಂಜೆಕ್ಷನ್ ಇತ್ತು. ಎಲೆಕ್ಟ್ರಾನಿಕ್ ಲಗಾಮು ಹಾಕಿ ಜನಸಾಮಾನ್ಯರ ಕಾರಿಗೆ ತಂದದ್ದು ಮಿತ್ಸುಬಿಷಿ, 1996ರಲ್ಲಿ. ನಮ್ಮಲ್ಲಿ ಇದರ ಮಾತು ಜಾಸ್ತಿ ಕೇಳಿಬಂದದ್ದು 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ಬಂದ ಮೇಲೆ. 2017ರಲ್ಲಿ ಬಲೆನೊ ಆರ್‌ಎಸ್, 2019ರಲ್ಲಿ ಹ್ಯುಂಡೈ ವೆನ್ಯೂ. ಈಗ ಎಷ್ಟೋ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಡೈರೆಕ್ಟ್ ಇಂಜೆಕ್ಷನ್ನೇ. ಟೊಯೊಟಾದವರು ಎರಡೂ ಇರಲಿ ಅಂತ ಒಂದೇ ಸಿಲಿಂಡರಿಗೆ ಎರಡೆರಡು ಇಂಜೆಕ್ಟರ್ ಇಟ್ಟರು. ಒಂದು ಒಳಗೆ, ಒಂದು ಪೋರ್ಟಿನಲ್ಲಿ. ಖರ್ಚಿನ ದಾರಿ ನಿಜ, ಆದರೆ ನನ್ನ ಪ್ರಕಾರ ಅದೇ ಬುದ್ಧಿವಂತರ ದಾರಿ.

ಈಗ ಒಂದು ಮಾತು ಖಡಾಖಂಡಿತವಾಗಿ ಹೇಳಬಹುದು. ಡೈರೆಕ್ಟ್ ಇಂಜೆಕ್ಷನ್ ಮಾತ್ರ ಇರುವ ಕಾರಿನ ಟ್ಯಾಂಕಿಗೆ ಯಾವ ಬಾಟಲಿಯ ಔಷಧ ಸುರಿದರೂ ಅದು ಇಂಟೇಕ್ ವಾಲ್ವನ್ನು ಮುಟ್ಟುವುದಿಲ್ಲ. ಇಂಜೆಕ್ಟರ್ ಚೊಕ್ಕ ಆಗಬಹುದು. ವಾಲ್ವಿನ ದಾರಿಯಲ್ಲಿ ಅದು ಹೋಗುವುದೇ ಇಲ್ಲ, ಇನ್ನು ತೊಳೆಯುವುದು ಎಲ್ಲಿಂದ ಬಂತು? ಹೈಡ್ರೋಜನ್ ಗ್ಯಾಸ್ ಬಿಟ್ಟು ಡೀಕಾರ್ಬನ್ ಮಾಡುತ್ತೇವೆ ಅನ್ನುವವರೂ ಊರೂರಲ್ಲಿ ಇದ್ದಾರೆ. ಆ ಗ್ಯಾಸು ಉರಿಯುವುದು ವಾಲ್ವು ದಾಟಿ ಸಿಲಿಂಡರಿನೊಳಗೆ ಹೋದ ಮೇಲೆ. ಬೆನ್ನ ಮೇಲಿನ ಕಾರ್ಬನ್ ಅದರಿಂದ ಹೇಗೆ ಬಿಡುತ್ತದೋ ನನಗೆ ಅರ್ಥವಾಗಿಲ್ಲ. ಒಬ್ಬರಲ್ಲಿ, "ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಕ್ಯಾಮೆರಾ ಇಳಿಸಿ ತೋರಿಸ್ತೀರಾ?" ಅಂತ ಕೇಳಿದೆ. "ಪಿಕಪ್ ನಿಮಗೇ ಗೊತ್ತಾಗುತ್ತೆ ಸಾರ್" ಅಂದರು. ನಮಸ್ಕಾರ ಹೇಳಿ ಬಂದೆ.

ಹಾಗಾದರೆ ಉಳಿದ ದಾರಿ ಒಂದೇ. ಮ್ಯಾನಿಫೋಲ್ಡ್ (ಪೋರ್ಟುಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ, ಕಣ್ಣಲ್ಲಿ ನೋಡುತ್ತಾ, ಕೈಯಾರೆ ತೆಗೆಯುವುದು.

ಕಾರ್ಬನ್ ಕೆರೆಯುವುದು ನಮ್ಮ ಊರಿಗೆ ಹೊಸತಲ್ಲ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಇದ್ದ ಊರು ಇದು. 1961ರಿಂದ ಜಾವಾ, 1973ರಿಂದ ಯೆಜ್ಡಿ, 1996ಕ್ಕೆ ಬಾಗಿಲು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯುತ್ತದಲ್ಲ, ಸೈಲೆನ್ಸರು ಕಟ್ಟಿಕೊಳ್ಳುವುದು ಮಾಮೂಲು. ನಮ್ಮ ಸೋದರಮಾವ ತನ್ನ ಯೆಜ್ಡಿಯ ಸೈಲೆನ್ಸರಿನ ಒಳಕೊಳವೆಯನ್ನು ಎಳೆದು ಹಿತ್ತಲಿನ ಬಚ್ಚಲೊಲೆಗೆ ಇಡುತ್ತಿದ್ದ. ಒಂದು ಕಡೆ ನೀರು ಕಾಯುತ್ತಿತ್ತು, ಇನ್ನೊಂದು ಕಡೆ ಕಾರ್ಬನ್ ಉರಿಯುತ್ತಿತ್ತು. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳದ ಭಾಗ) ಇಳಿಸಿದಾಗ ಪಿಸ್ಟನ್ನಿನ ತಲೆಯನ್ನು ಬಿದಿರಿನ ಚಕ್ಕೆಯಲ್ಲಿ ಕೆರೆಯುತ್ತಿದ್ದ. ಅಲ್ಯೂಮಿನಿಯಂ ಮೆತ್ತಗೆ, ಕಬ್ಬಿಣ ತಾಗಿಸಬಾರದು ಅನ್ನುವುದು ಆಗ ಎಲ್ಲ ಮೆಕ್ಯಾನಿಕ್‌ಗೂ ಗೊತ್ತಿತ್ತು. ಕಾಲಕಾಲಕ್ಕೆ ಕಾರ್ಬನ್ ತೆಗೆಯುವುದು ಆಯಿಲ್ ಬದಲಿಸಿದಷ್ಟೇ ಸಹಜ. ಎಂಪಿಎಫ್ಐ ಬಂದ ಮೇಲೆ ಆ ಅಭ್ಯಾಸ ತಪ್ಪಿತು. ಈಗ ಮತ್ತೆ ಬೇಕಾಗಿದೆ, ಕೈ ಮಾತ್ರ ಮರೆತಿದೆ.

ವ್ಯತ್ಯಾಸ ಏನಂದರೆ, ಯೆಜ್ಡಿಯಲ್ಲಿ ಎಲ್ಲ ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡು ಕೆರೆಯಬಹುದಿತ್ತು. ಇಲ್ಲಿ ಹೆಡ್ ಎಂಜಿನ್ನಿನ ಮೇಲೇ ಇದೆ. ವಾಲ್ವು ಬಾವಿಯ ತಳದಲ್ಲಿದೆ. ಕೆರೆದು ಬಿಟ್ಟ ಚೂರು ಎಲ್ಲಿಗೆ ಹೋಗುತ್ತದೆ? ವಾಲ್ವು ಕೂದಲೆಳೆಯಷ್ಟು ತೆರೆದಿದ್ದರೂ ನೇರ ಸಿಲಿಂಡರಿಗೆ. ಟರ್ಬೊ, ಅಂದರೆ ಎಕ್ಸಾಸ್ಟಿನ ಹೊಗೆಯಿಂದ ತಿರುಗಿ ಗಾಳಿ ತಳ್ಳುವ ಪಂಪು, ಇದ್ದರೆ ಅಲ್ಲಿಂದ ಎಕ್ಸಾಸ್ಟಿನ ಮೂಲಕ ಅದರ ರೆಕ್ಕೆಗೂ ಹೋಗಬಹುದು. ಹಾಗಾಗಿ ಈ ಕೆಲಸದಲ್ಲಿ ಕೆರೆಯುವ ಸಾಮಾನಿಗಿಂತ ಹಿಡಿಯುವ ಸಾಮಾನು ಮುಖ್ಯ. ನೋಡಿದವರೆಲ್ಲ ಕೊಕ್ಕೆಗಳನ್ನೇ ಎತ್ತಿ ನೋಡುತ್ತಾರೆ. ನನಗೆ ನಿಜವಾಗಿ ತಲೆ ತಿಂದದ್ದು ಆ ಪಿವಿಸಿ ಪೈಪು.

ಆದರೂ ಕೊಕ್ಕೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದು ಖುಷಿ ಕೊಡುವ ಭಾಗ. ಸೈಕಲ್ ಸ್ಪೋಕಿಗೆ ಒಂದು ತುದಿಯಲ್ಲಿ ಕಾರ್ಖಾನೆಯೇ ಬಾಗಿಸಿ, ತಲೆ ಕೂರಿಸಿ ಕೊಟ್ಟಿರುತ್ತದೆ. ಆ ತಲೆಯನ್ನು ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿದರೆ ಚಿಕ್ಕದೊಂದು ಕೊಕ್ಕೆ ತಯಾರು. ವಾಲ್ವಿನ ಕಡ್ಡಿಯ ಹಿಂದುಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ ಅದನ್ನು ಹಾಕಿ ಎಳೆಯಬಹುದು. ಸ್ಟೀಲು ಸ್ಪ್ರಿಂಗಿನಂತೆ ಬಳುಕುತ್ತದೆ, ಹಾಗಾಗಿ ಕೈಗೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ಕಾರ್ಬನ್ ಮೇಲೆ ಇದ್ದಾಗ ಗರಗರ, ಲೋಹ ತಾಗಿದಾಗ ನುಣುಪು. ಆದರೆ ಇದು ವಾಲ್ವಿಗೆ ಮಾತ್ರ. ಪೋರ್ಟಿನ ಗೋಡೆ ಅಲ್ಯೂಮಿನಿಯಂ, ಅಲ್ಲಿ ಸ್ಪೋಕು ಗೀರು ಹಾಕುತ್ತದೆ.

ಗೋಡೆಗೆ ಹಿತ್ತಾಳೆ ಕಡ್ಡಿ. ಗ್ಯಾಸ್ ವೆಲ್ಡಿಂಗ್‌ನವರ ಹತ್ತಿರ ಬ್ರೇಜಿಂಗ್ ಕಡ್ಡಿ ಅಂತ ಕೇಳಿದರೆ ಕೊಡುತ್ತಾರೆ. 3 ಮಿಲಿಮೀಟರ್ ದಪ್ಪದ್ದು ಸರಿ. ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಬೇಕು. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಅದು ನಮಗೆ ಅನುಕೂಲವೇ. ಆದರೆ ಗಡುಸಾದ ಮೇಲೆ ಬಾಗಿಸಿದರೆ ಬಿರಿಯುತ್ತದೆ. ಹಾಗಾಗಿ ಬಾಗಿಸುವ ಜಾಗವನ್ನು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಂಡು ಬಾಗಿಸಬೇಕು. ತುದಿಗೆ ಕಾವು ತಾಗಬಾರದು. ಗಡುಸು ತುದಿ, ಮೆತ್ತನೆ ಕುತ್ತಿಗೆ. ನಾಲ್ಕೈದು ಕೋನಗಳಲ್ಲಿ ಒಂದೊಂದು ಮಾಡಿಟ್ಟುಕೊಂಡರೆ ಕೈ ಹೋಗದ ಮೂಲೆ ಇರುವುದಿಲ್ಲ.

ಒಣ ಕಾರ್ಬನ್ ಬರೀ ಕೊಕ್ಕೆಗೆ ಬಗ್ಗುವುದಿಲ್ಲ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಪೋರ್ಟು ತುಂಬಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಕೆಸರಾಗಿರುತ್ತದೆ. ಅಡುಗೆಮನೆಯ ಜಿಡ್ಡು ತೆಗೆಯುವ ಔಷಧ ಹಾಕಿದರೆ ಬೇಗ ಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅಂಥ ಎಷ್ಟೋ ಔಷಧಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಅಲ್ಯೂಮಿನಿಯಂ ತಿನ್ನುತ್ತದೆ. ಕಾರ್ಬನ್ ಜೊತೆ ಹೆಡ್ಡೂ ಹೋಗುತ್ತದೆ.

ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಬ್ರೇಕ್ ಕೇಬಲ್ಲಿನ ತುದಿ ಬಿಚ್ಚಿ ಹರಡಿ, ಡ್ರಿಲ್ಲಿಗೆ ಹಾಕಿ ಚಾಟಿಯ ಹಾಗೆ ಹೊಡೆಸುವವರೂ ಇದ್ದಾರೆ. ಕೆಲಸ ಅದ್ಭುತವಾಗಿ ಆಗುತ್ತದೆ. ಒಂದು ಎಳೆ ಮುರಿದು ಒಳಗೆ ಬಿದ್ದ ದಿನ ಗೊತ್ತಾಗುತ್ತದೆ ಅದರ ಬೆಲೆ. ಗಟ್ಟಿ ಸ್ಟೀಲಿನ ಎಳೆ ಉರಿದು ಹೋಗುವುದಿಲ್ಲ. ಸಿಲಿಂಡರಿನ ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಅದಕ್ಕೆ ನಾನು ನೈಲಾನಿಗೆ ಹೋದೆ. ಮಲೆನಾಡಿನ ನೆಂಟರ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ದಾರ ಇರುತ್ತದೆ. ಅಡಿಕೆ ಮರದ ಬುಡದಲ್ಲಿ ದಪ್ಪ ಹುಲ್ಲನ್ನೇ ಸವರುವ ದಾರಕ್ಕೆ ನೆನೆದ ಕಾರ್ಬನ್ ಯಾವ ಲೆಕ್ಕ? ಬೈಕಿನ ಹಳೆಯ ಸ್ಪೀಡೋಮೀಟರ್ ಕೇಬಲ್ಲಿನ ಒಳತಂತಿಯನ್ನು ಆ ದಾರ ತಿರುಗಿಸುವ ಕಡ್ಡಿ ಮಾಡಿಕೊಂಡೆ. ಅದು ಬಾಗಿದರೂ ತಿರುಗುತ್ತದೆ, ತಿರುಗುವುದಕ್ಕೇ ಮಾಡಿದ್ದು. ಒಂದು ತುದಿ ಡ್ರಿಲ್ಲಿಗೆ. ಇನ್ನೊಂದು ತುದಿಗೆ ಹಿತ್ತಾಳೆಯ ಚಿಕ್ಕ ಕಾಲರ್, ಅದರಲ್ಲಿ ಅಡ್ಡ ತೂತು, ತೂತಿನಲ್ಲಿ ಬೆರಳಿನಷ್ಟು ಉದ್ದದ ದಾರ, ಬಿಗಿಯಲು ಒಂದು ಸ್ಕ್ರೂ. ಒಳತಂತಿಯ ಸುರುಳಿ ಬಿಗಿಯಾಗುವ ದಿಕ್ಕಿಗೇ ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ.

ಕಾಲರ್ ಮಾಡಿಕೊಟ್ಟವರು ನಮ್ಮ ಬಡಾವಣೆಯ ಹತ್ತಿರದ ಲೇತ್ ಯಜಮಾನರು. ಹಿಂದೆ ಜಾವಾ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಅಲ್ಲಿ ಕೆಲಸ ಕಲಿತವರ ಕೈ ಬೇರೆಯೇ ಅಂತ ಮೈಸೂರಿನಲ್ಲಿ ಈಗಲೂ ಜನ ಹೇಳುವುದುಂಟು. ಅಭಿಮಾನದ ಮಾತೂ ಇರಬಹುದು. ಇವರ ವಿಷಯದಲ್ಲಿ ಮಾತ್ರ ನಿಜ. ನಾನು ಚೀಟಿಯಲ್ಲಿ ಬರೆದುಕೊಂಡು ಹೋದ ಅಳತೆಯನ್ನು ಅವರು ಯಾವತ್ತೂ ಹಾಗೇ ಒಪ್ಪಿದ್ದಿಲ್ಲ. "ಸ್ಕ್ರೂ ತಲೆ ಮೇಲೆ ಎದ್ದಿರಬಾರದು ಸ್ವಾಮಿ. ತಿರುಗುವಾಗ ಗೋಡೆಗೆ ಬಡಿಯುತ್ತೆ. ತಲೆ ಇಲ್ಲದ ಸ್ಕ್ರೂ ಹಾಕ್ತೀನಿ, ಒಳಗೆ ಮುಳುಗಲಿ" ಅಂದರು. ಆ ಯೋಚನೆ ನನಗೆ ಹೊಳೆದಿರಲಿಲ್ಲ.

ಇನ್ನು ಚಿಪ್ಪು ಊದುವ ವಿಚಾರ. ನೆನೆಸಿ ಕೆರೆಯುವುದರಲ್ಲಿ ಮುಕ್ಕಾಲು ಭಾಗ ಹೋಗುತ್ತದೆ. ಉಳಿದ ಗಟ್ಟಿ ಪದರಕ್ಕೆ ಗಾಳಿಯಲ್ಲಿ ಪುಡಿ ಹೊಡೆಯಬೇಕು. ಅಕ್ರೋಟಿನ ಚಿಪ್ಪನ್ನೇ ಯಾಕೆ ಬಳಸುತ್ತಾರೆ ಅಂದರೆ ಅದು ಕಾರ್ಬನ್ ಒಡೆಯುವಷ್ಟು ಗಟ್ಟಿ, ವಾಲ್ವಿನ ಸ್ಟೀಲಿಗೆ ಗಾಯ ಮಾಡದಷ್ಟು ಮೆತ್ತಗೆ. ಮರಳು ಹೊಡೆದರೆ ಲೋಹವೇ ಸವೆಯುತ್ತದೆ, ಒಂದು ಕಣ ಉಳಿದರೂ ಎಂಜಿನ್ನಿಗೆ ವಿಷ. ನಮ್ಮದು ತೆಂಗಿನ ಸೀಮೆ. ಕರಟ ಯಾಕಾಗಬಾರದು ಅನ್ನಿಸಿತು. ಕರಟ ಕುಟ್ಟಿ ಜರಡಿ ಹಿಡಿದು ನೋಡಿದೆ. ಗಟ್ಟಿತನಕ್ಕೆ ಕೊರತೆ ಇಲ್ಲ. ತೊಂದರೆ ನಾರಿನದು. ಹೊರಮೈಯ ನಾರನ್ನು ಎಷ್ಟು ಹೆರೆದರೂ ಸ್ವಲ್ಪ ಉಳಿಯುತ್ತದೆ, ಅದೇ ನಳಿಕೆಯ ಬಾಯಿಗೆ ಉಂಡೆ ಕಟ್ಟುತ್ತದೆ. ಕೊನೆಗೆ ಪಾಲಿಶ್ ಸಾಮಾನು ಮಾರುವವರ ಹತ್ತಿರ ಅಕ್ರೋಟಿನ ಪುಡಿಯನ್ನೇ ತಂದೆ. 20ರಿಂದ 40 ಮೆಶ್, ಅಂದರೆ ಕಣ ಹೆಚ್ಚುಕಡಿಮೆ 0.4ರಿಂದ 0.8 ಮಿಲಿಮೀಟರ್. ಬಾಂಬೆ ರವೆಯ ಗಾತ್ರ ಅಂದುಕೊಳ್ಳಿ. ಮಳೆಗಾಲದಲ್ಲಿ ಅದು ತೇವ ಹೀರಿ ಗಂಟಾಗುತ್ತದೆ, ಊದುವ ಮುಂಚೆ ಬಿಸಿಲಿಗೆ ಹರಡಬೇಕು. ಅಕ್ರೋಟಿನ ಅಲರ್ಜಿ ಇರುವವರು ಈ ಧೂಳಿನ ಹತ್ತಿರ ಸುಳಿಯದಿರುವುದೇ ಒಳ್ಳೆಯದು. ಉಳಿದವರಿಗೂ ಮಾಸ್ಕು, ಕನ್ನಡಕ ಬೇಕೇ ಬೇಕು.

ಊದುವ ಗನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೂತಿ ದಪ್ಪ, ಪೋರ್ಟಿನೊಳಗೆ ಇಳಿಯುವುದಿಲ್ಲ. ಮುಂದಕ್ಕೆ ಫ್ರಿಜ್ಜಿನ ತಾಮ್ರದ ಕೊಳವೆ ಸೇರಿಸಿ, ತುದಿ ಸ್ವಲ್ಪ ಬಾಗಿಸಿದೆ. ಖಾಲಿ ಕೊಳವೆ ಬಾಗಿಸಿದರೆ ಮಡಿಕೆ ಬೀಳುತ್ತದೆ. ಪುಡಿ ಉಪ್ಪು ತುಂಬಿ, ಎರಡೂ ಕಡೆ ಬಿಗಿದು ಬಾಗಿಸಿದರೆ ಮಡಿಕೆ ಬೀಳುವುದಿಲ್ಲ, ಆಮೇಲೆ ನೀರಲ್ಲಿ ತೊಳೆದರೆ ಉಪ್ಪು ಹೋಗುತ್ತದೆ. ಎಲ್ಲ ಸರಿ, ಆದರೆ ಪುಡಿ ಮಾತ್ರ ಮೇಲೇರುತ್ತಿಲ್ಲ. ಗಾಳಿ ಪುಡಿಯ ಡಬ್ಬದ ಕಡೆಗೇ ವಾಪಸ್ ನುಗ್ಗುತ್ತಿದೆ. ಯಜಮಾನರು ಗನ್ನನ್ನು ಬಿಚ್ಚಿ, ಒಳಗೆ ಇಣುಕಿ, "ಗಾಳಿ ಬರೋ ತೂತಿಗಿಂತ ಹೋಗೋ ತೂತು ಎರಡರಷ್ಟು ಇರಬೇಕು ಸ್ವಾಮಿ. ಆವಾಗ್ಲೇ ಅದು ಪುಡಿ ಎಳೆಯೋದು. ನೀವು ಕತ್ತು ಹಿಸುಕಿಬಿಟ್ಟಿದೀರ" ಅಂದರು. ಗಾಳಿಯ ಜೆಟ್ಟನ್ನು 3 ಮಿಲಿಮೀಟರಿಗೆ ಇಳಿಸಿ, ಕೊಳವೆಯನ್ನು ಒಳಗೆ 6 ಮಿಲಿಮೀಟರ್ ಇರುವಂಥದ್ದಕ್ಕೆ ಬದಲಿಸಿದ ಮೇಲೆ ಪುಡಿ ಹರಿಯಿತು. ತಾಮ್ರ ಬಾಗಿದ ಕಡೆ ಒಳಗಿನಿಂದ ಸವೆಯುತ್ತದೆ, ಆಗಾಗ ಬದಲಿಸುತ್ತಿರಬೇಕು. ಅದಕ್ಕೇ ಅಲ್ವಾ ಮನೆಯಲ್ಲಿ ಮಾಡಿಕೊಳ್ಳುವುದು.

ಗಾಳಿಯ ಒತ್ತಡ 80ರಿಂದ 100 ಪೌಂಡ್ ಸಾಕು. ಒತ್ತಡಕ್ಕಿಂತ ಗಾಳಿಯ ಪ್ರಮಾಣ ಮುಖ್ಯ. ಮನೆಬಳಕೆಯ 25 ಲೀಟರ್ ಕಂಪ್ರೆಸರು ನೋಡುತ್ತಿದ್ದ ಹಾಗೇ ಸುಸ್ತಾಗುತ್ತದೆ. ಹಾಗಾಗಿ ಊದುವ ಕೆಲಸವನ್ನು ನಾನು ಪರಿಚಯದ ಪಂಚರ್ ಅಂಗಡಿಯ ಹಿಂದೆ ಮಾಡುತ್ತೇನೆ. ಭಾನುವಾರ ಮಧ್ಯಾಹ್ನ ಅಲ್ಲಿ ಜನ ಕಡಿಮೆ.

ಈಗ ಪಿವಿಸಿ ಪೈಪಿಗೆ ಬರೋಣ. ಪೋರ್ಟಿನ ಬಾಯಿ ದುಂಡಗಿಲ್ಲ, ಉದ್ದನೆಯ ಮೊಟ್ಟೆಯಾಕಾರ. ಅದರೊಳಗೆ ಮುಂದೆ ಹೋಗಿ ಎರಡು ವಾಲ್ವಿಗೆ ಎರಡು ದಾರಿಯಾಗಿ ಒಡೆಯುತ್ತದೆ. ಆ ಬಾಯಿಗೆ ಸರಿಯಾಗಿ ಕೂರುವ ಮೂತಿ ಬೇಕು. ಮೂತಿಗೆ ಎರಡು ತೂತು. ಒಂದರಿಂದ ತಾಮ್ರದ ಕೊಳವೆ ಒಳಗೆ ಹೋಗಬೇಕು, ಇನ್ನೊಂದಕ್ಕೆ ವ್ಯಾಕ್ಯೂಮ್ ಕ್ಲೀನರಿನ ಹೋಸ್. ಊದಿದ ಪುಡಿ, ಬಿಟ್ಟ ಕಾರ್ಬನ್ ಎರಡೂ ಆ ಕ್ಷಣವೇ ಹೊರಗೆ ಬರಬೇಕು. ಆಕಾರ ತೆಗೆಯಲು ಮೆಕ್ಯಾನಿಕ್‌ಗಳ ಹಳೆಯ ಉಪಾಯವೇ ಸಾಕು. ಹೆಡ್ಡಿನ ಮುಖಕ್ಕೆ ರಟ್ಟಿನ ಹಾಳೆ ಒತ್ತಿ ಹಿಡಿದು, ಗ್ರೀಸ್ ಕೈಯಲ್ಲಿ ಉಜ್ಜಿದರೆ ಪೋರ್ಟಿನ ಅಂಚು ಹಾಳೆಯ ಮೇಲೆ ಮೂಡುತ್ತದೆ. ಪ್ಯಾಕಿಂಗ್ ಕತ್ತರಿಸಲು ಅವರು ಹಾಗೇ ಮಾಡುವುದು. ಆ ಅಚ್ಚಿನ ಮೇಲೆ ಮರದ ತುಂಡೊಂದನ್ನು ಕೆತ್ತಿಕೊಂಡೆ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕುದಿಯುವ ನೀರಲ್ಲಿ ಅದ್ದಿ, ಬಿಸಿ ಇರುವಾಗಲೇ ಮರದ ಅಚ್ಚಿನ ಮೇಲೆ ಒತ್ತಿ, ತಣ್ಣೀರು ಸುರಿದರೆ ಆಕಾರ ನಿಲ್ಲುತ್ತದೆ. ಅಂಚಿನ ಸಂದಿ ಮುಚ್ಚಲು ಹವಾಯಿ ಚಪ್ಪಲಿಯ ರಬ್ಬರು. ಫೋಮ್, ತೆಳು ರಬ್ಬರ್ ಶೀಟ್ ಎಲ್ಲ ಹಾಕಿ ನೋಡಿದ್ದಾಯಿತು. ಚಪ್ಪಲಿಯಷ್ಟು ಚೆನ್ನಾಗಿ ಯಾವುದೂ ಒತ್ತಿಕೊಂಡು ಕೂರಲಿಲ್ಲ.

ವ್ಯಾಕ್ಯೂಮ್ ಕ್ಲೀನರು ಮನೆಯದೇ. ಅದಕ್ಕೆ ನೇರ ಪುಡಿ ಕೊಟ್ಟರೆ ಒಳಗಿನ ಬಟ್ಟೆಚೀಲ ಬೇಗ ಕಟ್ಟಿಕೊಳ್ಳುತ್ತದೆ. ನಡುವೆ ಒಂದು 20 ಲೀಟರಿನ ಡಿಸ್ಟೆಂಪರ್ ಬಕೆಟ್ ಇಟ್ಟೆ. ಮುಚ್ಚಳಕ್ಕೆ ಎರಡು ಪೈಪು. ಒಳಬರುವ ಪೈಪು ಗೋಡೆಯ ಪಕ್ಕಕ್ಕೆ ತಿರುಗಿದ್ದರೆ ಗಾಳಿ ಸುತ್ತು ಹೊಡೆದು ಪುಡಿಯನ್ನು ತಳಕ್ಕೆ ಬಿಡುತ್ತದೆ. ಬಕೆಟ್ಟಿನ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸಬಹುದು. ಒಣ ಪುಡಿ ಪ್ಲಾಸ್ಟಿಕ್ ಹೋಸಿನಲ್ಲಿ ಓಡುವಾಗ ಸ್ಟ್ಯಾಟಿಕ್ ಕರೆಂಟು ಹುಟ್ಟಿ ಕೈಗೆ ಚುರುಕ್ ಅನ್ನಿಸುತ್ತದೆ. ಹೋಸಿಗೆ ಬರಿ ತಾಮ್ರದ ತಂತಿ ಸುತ್ತಿ ಅರ್ತ್ ಮಾಡಿದ್ದೇನೆ. ಇದು ಸುಮ್ನೆ ಚುರುಕ್ ಅನ್ನುವ ಮಾತಲ್ಲ. ಕಾರ್ಬ್ ಕ್ಲೀನರ್ ಹೊಡೆದ ಪೋರ್ಟನ್ನು ಎಂದೂ ಮನೆಯ ವ್ಯಾಕ್ಯೂಮಿನಲ್ಲಿ ಎಳೆಯಬಾರದು. ಅದರ ಮೋಟರಿನಲ್ಲಿ ಕಿಡಿ ಹಾರುತ್ತಿರುತ್ತದೆ, ದ್ರಾವಕದ ಆವಿ ಹೊತ್ತಿಕೊಳ್ಳುತ್ತದೆ. ಒದ್ದೆ ಕೆಸರನ್ನು ಸಿರಿಂಜಿನಲ್ಲಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಊದುವ ಕೆಲಸ. ಹೆಂಡತಿಯ ಕರಾರು ಇನ್ನೂ ಕಟ್ಟುನಿಟ್ಟು. ಆ ವ್ಯಾಕ್ಯೂಮ್ ಕ್ಲೀನರು ಮತ್ತೆ ಹೊಸಿಲು ದಾಟಿ ಒಳಗೆ ಬರಕೂಡದು. ಈಗ ಮನೆಗೆ ಬೇರೆಯದು ಬಂದಿದೆ.

ವಾಲ್ವು ಮುಚ್ಚಿದೆಯಾ ಅನ್ನುವುದನ್ನು ನೋಡದೆ ಇದ್ಯಾವುದಕ್ಕೂ ಕೈ ಹಾಕಬಾರದು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಚಂದದ ಲೆಕ್ಕ ಇದೆ. ಫೈರಿಂಗ್ ಸರದಿ, ಅಂದರೆ ಸಿಲಿಂಡರುಗಳು ಉರಿಯುವ ಕ್ರಮ, 1-3-4-2 ಅಂತಿಟ್ಟುಕೊಳ್ಳಿ. ಒಂದನೆಯದನ್ನು ಕಂಪ್ರೆಷನ್ನಿನ ತುದಿಗೆ, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿ ಪೂರ್ತಿ ಮೇಲೇರಿದ ಜಾಗಕ್ಕೆ, ತಂದು ನಿಲ್ಲಿಸಿದರೆ ಅದರ ಎರಡೂ ಇಂಟೇಕ್ ವಾಲ್ವು ಮುಚ್ಚಿರುತ್ತವೆ. ಅದಕ್ಕಿಂತ ಮುಂಚೆ ಉರಿದದ್ದು ಎರಡನೆಯದು. ಅದು ಪವರ್ ಸ್ಟ್ರೋಕಿನ ಕೊನೆಯಲ್ಲಿರುತ್ತದೆ, ಅದರ ಇಂಟೇಕೂ ಮುಚ್ಚಿಯೇ ಇರುತ್ತದೆ. ಅಲ್ಲಿಗೆ ಎರಡು ಸಿಲಿಂಡರ್ ಕೆಲಸ ಒಟ್ಟಿಗೆ ಮುಗಿಸಬಹುದು. ಕ್ರ್ಯಾಂಕನ್ನು (ಪಿಸ್ಟನ್ನುಗಳಿಗೆ ಜೋಡಿಸಿದ, ಕೆಳಗೆ ತಿರುಗುವ ದಂಡ) ಸರಿಯಾಗಿ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಉಳಿದ ಎರಡು. ಸ್ಪಾರ್ಕ್ ಪ್ಲಗ್ಗು ತೆಗೆದಿದ್ದರೆ ಕ್ರ್ಯಾಂಕ್ ಹಗುರವಾಗಿ ತಿರುಗುತ್ತದೆ. ಲೆಕ್ಕ ಎಷ್ಟು ಸರಿ ಇದ್ದರೂ ನಾನು ಪರೀಕ್ಷೆ ಬಿಡುವುದಿಲ್ಲ. ಪೋರ್ಟಿಗೆ ಸ್ವಲ್ಪ ಕ್ಲೀನರ್ ಹೊಯ್ದು ಮಟ್ಟಕ್ಕೆ ಗುರುತು ಮಾಡಿ, ಒಂದು ಕಾಫಿ ಕುಡಿದು ಬಂದು ನೋಡುತ್ತೇನೆ. ಮಟ್ಟ ಬೇಗ ಇಳಿದಿದ್ದರೆ ವಾಲ್ವು ತೆರೆದಿದೆ ಅಂತ. ಉಳಿದ ಪೋರ್ಟುಗಳಿಗೆ ತುರುಕಿದ ಬಟ್ಟೆಗೆಲ್ಲ ದಾರ ಕಟ್ಟಿ, ದಾರದ ತುದಿ ಹೊರಗೆ ಬಾನೆಟ್ಟಿಗೆ ಅಂಟಿಸಿರುತ್ತೇನೆ. ಒಳಗೆ ಬಟ್ಟೆ ಮರೆತು ಮ್ಯಾನಿಫೋಲ್ಡ್ ಬಿಗಿದ ಕಥೆಗಳನ್ನು ಗ್ಯಾರೇಜುಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಇಂಜೆಕ್ಟರಿನ ಬಗ್ಗೆಯೂ ಎಚ್ಚರ ಬೇಕು. ಕೆಲವು ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಎಳೆದಾಗ ಇಂಜೆಕ್ಟರೂ ಜೊತೆಗೇ ಎದ್ದು ಬರುತ್ತದೆ. ಅದರ ತುದಿಯಲ್ಲಿ ತೆಳ್ಳನೆಯ ಟೆಫ್ಲಾನ್ ಉಂಗುರ ಇರುತ್ತದೆ. ಒಮ್ಮೆ ಹೊರಗೆ ಬಂದರೆ ಹೊಸದೇ ಹಾಕಬೇಕು. ಹೊಸದು ಇಂಜೆಕ್ಟರಿನ ತೋಡಿಗೆ ಇಳಿಯುವ ಮುಂಚೆ ಹಿಗ್ಗಬೇಕು, ಕೂತ ಮೇಲೆ ಮತ್ತೆ ಕುಗ್ಗಬೇಕು. ಹಿಗ್ಗಿಸಲು ಒಂದು ಶಂಕುವಿನಾಕಾರದ ತುಂಡು, ಕುಗ್ಗಿಸಲು ಒಂದು ಬಳೆ, ಎರಡನ್ನೂ ಯಜಮಾನರೇ ನೈಲಾನ್ ರಾಡಿನಲ್ಲಿ ಕಡೆದುಕೊಟ್ಟರು. ಇಂಜೆಕ್ಟರಿನ ಸೈಜನ್ನು ನೂರನೇ ಮಿಲಿಮೀಟರಿನವರೆಗೆ ಮೈಕ್ರೋಮೀಟರಿನಲ್ಲಿ ಅಳೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಬರೆದುಕೊಂಡರು. ಅವರ ಅಂಗಡಿಯ ಗೋಡೆಯೇ ಅವರ ಕಂಪ್ಯೂಟರು. ಇಂಧನದ ಪೈಪು ಬಿಚ್ಚುವ ಮುಂಚೆ ಒತ್ತಡ ಇಳಿಸಿರಬೇಕು, ಬ್ಯಾಟರಿ ಬಿಚ್ಚಿರಬೇಕು. ಇದರಲ್ಲಿ ಅನುಭವ ಇಲ್ಲದವರು ಈ ಭಾಗವನ್ನು ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ಕೆಲಸ ಮುಗಿದ ಮೇಲೆ ಎಂಜಿನ್ ಆಯಿಲ್ ಬದಲಿಸುತ್ತೇನೆ. ಪಿಸ್ಟನ್ ಸಂದಿಯಿಂದ ದ್ರಾವಕ ಸ್ವಲ್ಪವಾದರೂ ಕೆಳಗೆ ಇಳಿದಿರುತ್ತದೆ. ಪರಿಣಾಮ? ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬರುತ್ತಿದ್ದ ನಡುಕ ಹೋಯಿತು. ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಅಂತ ಕಾರಿನ ಕಂಪ್ಯೂಟರು ತೋರಿಸುವ ಮಿಸ್ಸಿಂಗ್ ಕೋಡ್ ಮತ್ತೆ ಬರಲಿಲ್ಲ. ಪವರ್ ಏನೋ ದುಪ್ಪಟ್ಟಾಯಿತು ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಹೊಸದರಲ್ಲಿ ಹೇಗಿತ್ತೋ ಹಾಗಾಯಿತು, ಅಷ್ಟೇ. ಅಷ್ಟಕ್ಕೇ ಕಾರು ಮಾಡಿದವರು ಹಣ ಇಸಿದುಕೊಂಡದ್ದು.

ಇತ್ತೀಚೆಗೆ ಬೆಂಗಳೂರಿನ ಗೆಳೆಯ ಫೋನ್ ಮಾಡಿ ಈ ಸಾಮಾನೆಲ್ಲ ಎರವಲು ಬೇಕು ಅಂದ. ಅವನದು ಚಿಕ್ಕ ಟರ್ಬೊ ಪೆಟ್ರೋಲ್ ಕಾರು. ದಿನವೂ ಮನೆಯಿಂದ ಆಫೀಸಿಗೆ, ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗುವ ನಾಲ್ಕು ಕಿಲೋಮೀಟರ್. ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಅಂಥ ಓಡಾಟದಲ್ಲಿ ಆಯಿಲ್ಲಿಗೆ ನೀರಿನ ಪಸೆ, ಹಸಿ ಪೆಟ್ರೋಲು ಸೇರಿ ಹಬೆ ಇನ್ನೂ ಜಾಸ್ತಿಯಾಗುತ್ತದೆ. ಅನುಮಾನ ಪಡುವುದು ಸರಿಯೇ. ಆದರೂ ಮೊದಲು ನೋಡು ಅಂದೆ. ಫೋನಿಗೆ ಸಿಕ್ಕಿಸುವ ತೆಳ್ಳನೆಯ ಕ್ಯಾಮೆರಾ ಈಗ ಅಗ್ಗಕ್ಕೆ ಸಿಗುತ್ತದೆ. ಮ್ಯಾನಿಫೋಲ್ಡಿನ ಸೆನ್ಸರ್ ತೂತಿನಿಂದ ಇಳಿಸಿ, ವಾಲ್ವಿನ ಕಡ್ಡಿ ಕಾಣುತ್ತದಾ ನೋಡು. ಬರೀ ಕಪ್ಪು ಬಣ್ಣ ಬಳಿದಂತಿದ್ದರೆ ಬಿಟ್ಟುಬಿಡು. ಉಂಡೆ ಉಂಡೆ ಕಟ್ಟಿದ್ದರೆ ಮಾತ್ರ ಮೈಸೂರಿಗೆ ಬಾ.

ಬಂದರೂ ನನ್ನ ಪಿವಿಸಿ ಮೂತಿ ಅವನ ಕಾರಿಗೆ ಕೂರುವುದಿಲ್ಲ. ಹಾಗಾಗಿ ಗ್ರೀಸು, ರಟ್ಟಿನ ಹಾಳೆ, ಚಪ್ಪಲಿ ಎಲ್ಲ ಮತ್ತೆ ಮೊದಲಿಂದ. ಅವನದು ಮೂರು ಸಿಲಿಂಡರಿನ ಎಂಜಿನ್. ಒಂದು ಸುತ್ತು ತಿರುಗಿಸಿ ಎರಡೆರಡನ್ನು ಮುಗಿಸುವ ನನ್ನ ಲೆಕ್ಕವೂ ಅಲ್ಲಿ ಹಾಗೇ ನಡೆಯುವುದಿಲ್ಲ. ಒಂದೊಂದನ್ನೂ ಕಂಪ್ರೆಷನ್ನಿಗೆ ತರಲು ಕ್ರ್ಯಾಂಕನ್ನು 240 ಡಿಗ್ರಿಯಂತೆ ತಿರುಗಿಸುತ್ತಾ ಹೋಗಬೇಕು. ಪುಲ್ಲಿಗೆ ಅಂಟಿಸಲು ಡಿಗ್ರಿ ಬರೆದ ರಟ್ಟಿನ ಚಕ್ರವೊಂದನ್ನು ಈಗಲೇ ಕತ್ತರಿಸಿಟ್ಟಿದ್ದೇನೆ.